ಏಳನೆಯ ದೃಶ್ಯದಲ್ಲೇ ಸುಧಾರಿಸಿದ ಸಾಹುಕಾರ

ಇಸವಿ ೨೦೨೨, ನನಗಾಗ ನಲವತ್ತೊಂಬತ್ತು ವರ್ಷ, ಮೂರು ತಿಂಗಳು. ದಿನಕ್ಕೆ ಆರು ತಾಸು ಪಾಠ ಹೇಳಿದರೆ ಗಂಟಲು ಉಳಿಯುವುದಿಲ್ಲವೆಂದು ವೈದ್ಯರು ಖಂಡಿತವಾಗಿ ಹೇಳಿದ ಮೇಲೆ, ಪ್ರೌಢಶಾಲೆಯ ಕನ್ನಡ ಅಧ್ಯಾಪಕನ ಕೆಲಸದಿಂದ ಸ್ವಯಂನಿವೃತ್ತಿ ಪಡೆದು ನನಗೆ ಒಂದು ವರ್ಷವಾಗಿತ್ತು. ವಾರಕ್ಕೆರಡು ದಿನ ಚಿಕ್ಕೋಡಿಯ ಒಂದು ಮುದ್ರಣಾಲಯಕ್ಕೆ ಹೋಗಿ ಕರಡು ತಿದ್ದುತ್ತಿದ್ದೆ. ಉಳಿದ ಐದು ದಿನ ಐಗಳಿ ಎಂಬ ಊರಿಗೆ ಸಮೀಪದ ನಮ್ಮ ಹಳ್ಳಿಯಲ್ಲಿ, ತಿದ್ದಲು ಏನೂ ಸಿಗದೆ, ಮನೆಯವರ ಮಾತನ್ನು ತಿದ್ದಿ ಬೈಸಿಕೊಳ್ಳುತ್ತಿದ್ದೆ.

ಇಪ್ಪತ್ನಾಲ್ಕು ವರ್ಷಗಳಲ್ಲಿ ನಾನು ವಿದ್ಯಾರ್ಥಿಗಳಿಂದ ಬರೆಯಿಸಿದ ಕತೆಗಳು ಬಹಳ. ಪ್ರತಿ ವರ್ಷವೂ ಅವುಗಳಲ್ಲಿ ಬಹುಪಾಲು ಒಂದೇ ವಾಕ್ಯದಿಂದ ಮುಗಿಯುತ್ತಿದ್ದವು: ಕೊನೆಗೆ ಅವನಿಗೆ ತನ್ನ ತಪ್ಪಿನ ಅರಿವಾಯಿತು. ಮೂರು ಪುಟ ಕಳ್ಳತನ ಮಾಡಿದವನು, ಮಲತಾಯಿಯಾಗಿ ಮಗುವನ್ನು ಉಪವಾಸ ಕೆಡವಿದವಳು, ಗೆಳೆಯನಿಗೆ ಮೋಸ ಮಾಡಿದವನು, ಎಲ್ಲರೂ ಕೊನೆಯ ಸಾಲಿಗೆ ಬಂದೊಡನೆ, ಗಂಟೆ ಬಾರಿಸಿದಾಗ ಪಾಟಿಚೀಲ ಎತ್ತಿಕೊಂಡು ಹೊರಡುವ ಹುಡುಗರಂತೆ, ಒಳ್ಳೆಯವರಾಗಿ ಹೊರಟುಬಿಡುತ್ತಿದ್ದರು. ಅಂಥ ಪ್ರತಿಯೊಂದು ವಾಕ್ಯದ ಪಕ್ಕದಲ್ಲಿ ನಾನು ಕೆಂಪು ಶಾಯಿಯಿಂದ 'ಹೇಗೆ?' ಎಂದು ಬರೆದು ಎರಡು ಅಂಕ ಕಳೆಯುತ್ತಿದ್ದೆ. ಕಾರಣವಿಲ್ಲದೆ ಕ್ರಿಯೆಯಿಲ್ಲ, ಮನುಷ್ಯನು ಕತೆಯೊಳಗೆ ಬದಲಾಗಬೇಕಾದರೆ ಮೆಟ್ಟಿಲು ಮೆಟ್ಟಿಲಾಗಿ ಬದಲಾಗಬೇಕು, ಒಂದು ಮೆಟ್ಟಿಲು ತಪ್ಪಿದರೂ ಓದುಗನು ನಂಬಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಆದರೆ ಇದನ್ನು ಇತರರ ಕತೆಗಳಲ್ಲಿ ಹುಡುಕಿದ್ದೆನೇ ಹೊರತು, ಸ್ವತಃ ಒಬ್ಬನನ್ನಾದರೂ ಬದಲಿಸಿ ತೋರಿಸುವ ಪ್ರಸಂಗ ನನಗೆ ಬಂದಿರಲಿಲ್ಲ.

ಬಂದದ್ದು ಆ ವರ್ಷದ ಶ್ರಾವಣದಲ್ಲಿ. ಒಂದು ಮಧ್ಯಾಹ್ನ ನಮ್ಮೂರಿನ ಹಿಟ್ಟಿನ ಗಿರಣಿಯ ಮಾಲಕರು ಮನೆಗೆ ಬಂದರು. ಅರವತ್ತೊಂದರ ವಯಸ್ಸು; ಹುಬ್ಬು, ಕಿವಿ, ಮೊಣಕೈಗಳೆಲ್ಲ ಜೋಳದ ಹಿಟ್ಟಿನಿಂದ ಬೆಳ್ಳಗಾಗಿದ್ದವು. ಊರೆಲ್ಲ ಅವರನ್ನು ಕಾಕಾ ಎನ್ನುತ್ತದೆ; ನಾನೂ ಹಾಗೆಯೇ ಕರೆಯುತ್ತೇನೆ. ಗಿರಣಿಯ ಸರದಿಯಲ್ಲಿ ಹೆಂಗಸರು ಜಗಳವಾಡಿದರೆ ತಾವೇ ಕ್ಷಮೆ ಕೇಳುವಷ್ಟು ಮೆತ್ತಗಿನ ಮನುಷ್ಯ. ಆದರೆ ಊರಿನ ನಾಟಕಗಳಲ್ಲಿ ಇಪ್ಪತ್ತೆರಡು ವರ್ಷಗಳಿಂದ ಖಳನ ಪಾತ್ರ ಅವರದೇ. ಅವರ ನಗೆಯನ್ನು ಕೇಳಲೆಂದೇ ಸುತ್ತಲಿನ ಹಳ್ಳಿಗಳಿಂದ ಜನ ಬರುತ್ತಿದ್ದರು. ಗಿರಣಿಯ ಪಟ್ಟಾ ತಿರುಗತೊಡಗಿದಂತೆ ಅದು ಮೊದಲು ಹೊಟ್ಟೆಯೊಳಗೆ ಗುರುಗುಟ್ಟುತ್ತಿತ್ತು, ಆಮೇಲೆ ನಿಧಾನವಾಗಿ ಏರಿ, ಕೊನೆಗೆ ಧ್ವನಿವರ್ಧಕವನ್ನೇ ಕಿರುಗುಟ್ಟಿಸುತ್ತಿತ್ತು.

"ಸರ್ರ, ಈ ದೀಪಾವಳಿ ನಾಟಕ ನೀವ ಬರಕೊಡ್ರಿ," ಎಂದರು ಕಾಕಾ, ಕಟ್ಟೆಯ ಮೇಲೆ ಕುಳಿತು. "ಬರದ್ ನನ್ನ ಸುಧಾರಿಸ್ರಿ."

"ನಿಮ್ಮೊಳಗ ಸುಧಾರಿಸೂವಂಥಾದ್ದು ಏನೈತ್ರಿ ಕಾಕಾ?"

"ನನ್ನೊಳಗ ಅಲ್ರಿ. ಪಾರ್ಟಿನೊಳಗ. ಪ್ರತಿ ಸಲ ಕಡೀ ಸೀನಿನ್ಯಾಗ ನಾ ಸಾಯ್ತೇನಿ, ಇಲ್ಲಾಂದ್ರ ಪೋಲೀಸ್ರು ಎಳಕೊಂಡ್ ಹೋಗ್ತಾರ. ಈ ಸಲ ನಾ ಚಲೋ ಮನಷ್ಯಾ ಆಗಬೇಕ್ರಿ. ಮಂದಿ ಮುಂದ, ಪಡದೆ ಬೀಳೂದ್ರೊಳಗ."

ಕಾರಣವನ್ನು ಕೇಳಿದೆ. ಕಾಕಾ ಅಂಗೈಯ ಹಿಟ್ಟನ್ನು ತಿಕ್ಕುತ್ತ ಹೇಳಿದರು. ಅವರಿಗೆ ನಾಲ್ಕು ವರ್ಷದ ಮೊಮ್ಮಗಳು. ಮೊದಲೆಲ್ಲ ಅವಳು ಉಣ್ಣುತ್ತಿದ್ದುದು ಅಜ್ಜನ ತಾಟಿನಲ್ಲಿ, ಅಂಗನವಾಡಿಗೆ ಹೋಗುತ್ತಿದ್ದುದು ಅಜ್ಜನ ಹೆಗಲ ಮೇಲೆ. ಆ ವರ್ಷದ ಯುಗಾದಿಯ ನಾಟಕವನ್ನು ಆ ಮಗು ಅಜ್ಜಿಯ ತೊಡೆಯ ಮೇಲೆ, ಮೊದಲ ಸಾಲಿನಲ್ಲಿ ಕುಳಿತು ನೋಡಿತ್ತು. ಅಜ್ಜ ಬಾಗಿಲು ಒದ್ದು, ಒಬ್ಬ ಹೆಂಗಸಿನ ಜಡೆ ಹಿಡಿದು, ಆ ನಗೆಯನ್ನು ನಕ್ಕದ್ದನ್ನು ನೋಡಿತ್ತು. ಮರುದಿನ ಕಾಕಾ ಎತ್ತಿಕೊಳ್ಳಲು ಕೈ ಚಾಚಿದರೆ ಕಿರುಚಿ ಅಡಿಗೆಮನೆಗೆ ಓಡಿತು. ಅಂದಿನಿಂದ ಅಜ್ಜ ಪಡಸಾಲೆಗೆ ಬಂದರೆ ಮೊಮ್ಮಗಳು ಹಿತ್ತಲಿಗೆ. ಅಜ್ಜ ಹಿತ್ತಲಿಗೆ ಬಂದರೆ ಮೊಮ್ಮಗಳು ಅಜ್ಜಿಯ ಸೆರಗಿನೊಳಗೆ.

"ಊರ ಮಂದಿ ಅಂಜಿದ್ರ ನನಗ ಖುಷಿ ಆಗತೈತ್ರಿ, ಪಾರ್ಟು ಬರೋಬ್ಬರಿ ಆಗೇತಿ ಅಂತ. ಆದ್ರ ಆಕಿ ಅಂಜಿದ್ರ ಊಟ ಸೇರವಲ್ದ್ರಿ," ಎಂದರು ಕಾಕಾ. "ನಾ ಹೇಳಿದ್ರ ಕೇಳವಲ್ಲಳು. ಆಕಿ ಅಜ್ಜಿ ಹೇಳಿದ್ರೂ ಕೇಳವಲ್ಲಳು. ನಾಟಕದಾಗ ಕೆಟ್ಟಾಂವ ಆಗೇನಿ ಅಂದ್ರ, ನಾಟಕದಾಗ ಚಲೋ ಆಗಬೇಕಲ್ರಿ?"

ಈ ತರ್ಕದಲ್ಲಿ ದೋಷ ಹುಡುಕಲು ನಾನು ಪ್ರಯತ್ನಿಸಿದೆ, ಸಿಗಲಿಲ್ಲ. ಒಪ್ಪಿಕೊಂಡೆ.

ನಾಟಕದ ಕತೆ ಸರಳವಾಗಿತ್ತು. ಒಬ್ಬ ಸಾಹುಕಾರ, ಅವನ ಹೊಲದ ಪಕ್ಕದಲ್ಲಿ ಒಬ್ಬ ವಿಧವೆಯ ದ್ರಾಕ್ಷಿ ತೋಟ. ತೋಟದ ಬಾವಿಯ ಮೇಲೆ ಸಾಹುಕಾರನ ಕಣ್ಣು. ಬಾವಿಯನ್ನು ಬಿಟ್ಟುಕೊಡುವಂತೆ ಕಾಗದಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಅವನ ಹಟ. ಒತ್ತದಿರುವುದು ಅವಳ ಹಟ. ಒಟ್ಟು ಹತ್ತು ದೃಶ್ಯಗಳು. ನಾನು ಮೊದಲು ನಾಟಕವನ್ನು ಬರೆಯಲಿಲ್ಲ. ಒಂದು ದೊಡ್ಡ ಹಾಳೆಯಲ್ಲಿ ಮೂರು ಅಂಕಣಗಳನ್ನು ಎಳೆದೆ. ಮೊದಲನೆಯದು ದೃಶ್ಯ, ಎರಡನೆಯದು ಸಾಹುಕಾರನ ಗುಣ, ಮೂರನೆಯದು ಆ ಗುಣ ಬದಲಾದುದರ ಕಾರಣ. ಮೊದಲ ದೃಶ್ಯದಲ್ಲಿ ಅವನು ಅವಳ ಕೊಡವನ್ನು ಒದೆಯುತ್ತಾನೆ. ಮೂರನೆಯದರಲ್ಲಿ, ಹೊರಡುವಾಗ ಒಮ್ಮೆ ಹಿಂದಿರುಗಿ ನೋಡುತ್ತಾನೆ. ನಾಲ್ಕನೆಯದರಲ್ಲಿ ಅವನ ನಗೆ ಅರ್ಧಕ್ಕೆ ನಿಲ್ಲುತ್ತದೆ, ಏಕೆಂದರೆ ಅವಳು ಅವನದೇ ಎತ್ತಿಗೆ ನೀರು ಕುಡಿಸುತ್ತಿರುತ್ತಾಳೆ. ಹೀಗೆ ಇಳಿಯುತ್ತ ಇಳಿಯುತ್ತ ಹತ್ತನೆಯ ದೃಶ್ಯದಲ್ಲಿ ಆ ಕಾಗದವನ್ನು ತಾನೇ ಹರಿಯುತ್ತಾನೆ. ಮೂರನೆಯ ಅಂಕಣದ ಒಂದು ಮನೆಯನ್ನೂ ಖಾಲಿ ಬಿಟ್ಟಿರಲಿಲ್ಲ. ಹಾಳೆಯನ್ನು ಮಡಚದೆ, ಸುರುಳಿ ಸುತ್ತಿಕೊಂಡು ತಾಲೀಮಿಗೆ ಹೋದೆ.

ತಾಲೀಮು ನಡೆಯುತ್ತಿದ್ದುದು ಪ್ರಾಥಮಿಕ ಶಾಲೆಯ ಜಗಲಿಯಲ್ಲಿ, ಸಂಜೆಯ ಹೊತ್ತು. ಅದರ ಒಡೆಯರು ನಮ್ಮೂರಿನ ಪೇಟಿ ಮಾಸ್ತರರು. ಹಾರ್ಮೋನಿಯಂ ನುಡಿಸುವುದರ ಜೊತೆಗೆ ನಾಟಕ ಕಲಿಸುವುದೂ ಅವರ ಕಸಬು. ಅವರ ತಂದೆಯದೂ ಅದೇ ಆಗಿತ್ತು. ಮಸೀದಿಯ ಓಣಿಯಲ್ಲಿ ಮನೆ. ಹಿಂದೂ ಮುಸಲ್ಮಾನರೆನ್ನದೆ ಎಲ್ಲರಿಗೂ ಅವರು ಚಾಚಾ. ಅವರು ನನ್ನ ಹಾಳೆಯನ್ನು ಪೇಟಿಯ ಮೇಲೆ ಹರಡಿ, ಕನ್ನಡಕ ಏರಿಸಿ, ಮೇಲಿನಿಂದ ಕೆಳಗಿನವರೆಗೆ ಓದಿದರು.

"ಬಹುತ್ ಅಚ್ಛಾ ಬರದೀರಿ," ಎಂದರು ಚಾಚಾ. "ಆದ್ರ ನಾಲ್ಕನೇ ಸೀನಿಗೇ ನಗೂ ಅರ್ಧ ಆದ್ರ ಮಂದಿ ಕರೆಂಟ್ ಹೋತು ಅಂತಾರ್ರಿ."

"ಕ್ರಮೇಣ ಆಗಬೇಕ್ರಿ ಚಾಚಾ. ಒಮ್ಮೆಲೆ ಆದ್ರ ಯಾರೂ ನಂಬೂದಿಲ್ಲ."

"ನಂಬಾಕ ಯಾರ್ ಬರತಾರ್ರಿ? ನೋಡಾಕ ಬರತಾರ. ಚಲೋ ಮಂದಿ ಅವರವರ ಮನ್ಯಾಗ ಅದಾರ. ಕೆಟ್ಟಾವನ್ನ ನೋಡಾಕಂತ ಎತ್ತಿನ ಮೇವು ಬಿಟ್ಟ್ ಬರತಾರ. ಐದನೇ ಸೀನಿಗೆ ನಮ್ಮ ಕಾಕಾ ಅಳಬುರುಕ ಆದ್ರ, ಎಲ್ಲಾರೂ ಭಜಿ ಅಂಗಡ್ಯಾಗ ಕುಂತಿರತಾರ."

ವಾದವು ನಾಲ್ಕು ಸಂಜೆ ನಡೆಯಿತು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಏಳನೆಯ ದೃಶ್ಯದವರೆಗೆ ಸಾಹುಕಾರನ ದುಷ್ಟತನ ಹೊರಗೆ ಏರುತ್ತಲೇ ಇರಲಿ. ಒಳಗೆ ಮಾತ್ರ ದೃಶ್ಯಕ್ಕೊಂದು ಸಣ್ಣ ಬಿರುಕು ಬಿಡಲಿ. ಏಳರಲ್ಲಿ ಅವನು ವಿಧವೆಯ ಮುಂಗೈ ಹಿಡಿದು ಹೆಬ್ಬೆಟ್ಟನ್ನು ಶಾಯಿಗೆ ಒತ್ತಲು ಹೋಗುವಷ್ಟು ಕ್ರೂರನಾಗಲಿ. ಎಂಟರಿಂದ ಇಳಿಯಲಿ.

ಕಾಕಾ ಅವರ ಕಷ್ಟವೇ ಬೇರೆ. ಬಿರುಕನ್ನು ಅಭಿನಯಿಸುವುದು ಅವರಿಗೆ ಗೊತ್ತಿರಲಿಲ್ಲ. "ಹಿಂದಿರುಗಿ ನೋಡುತ್ತಾನೆ" ಎಂಬಲ್ಲಿ, ಬಿಟ್ಟುಹೋದ ಚಪ್ಪಲಿಯನ್ನು ಹುಡುಕುವವರಂತೆ ನೋಡುತ್ತಿದ್ದರು. ಅರ್ಧ ನಗೆಯಂತೂ ಬರಲೇ ಇಲ್ಲ.

"ಸುರು ಆದಿಂದ ನಿಲ್ಲವಲ್ದ್ರಿ ಸರ್ರ," ಎನ್ನುತ್ತಿದ್ದರು ಕಾಕಾ, ಬೆವರು ಒರೆಸಿಕೊಳ್ಳುತ್ತ. "ಅರ್ಧಾ ಅಂದ್ರ ಯಾ ಅರ್ಧಾ? ಕೆಳಗಿಂದೋ ಮ್ಯಾಲಿಂದೋ?"

"ಕಾಕಾ, ಗಿರಣಿ ಬಟನ್ ಒತ್ತಿದಂಗ ಒತ್ತಿ ಬಿಡ್ರಿ," ಎಂದು ಚಾಚಾ ಕಿಚಾಯಿಸುತ್ತಿದ್ದರು.

"ಗಿರಣೀನೂ ಬಟನ್ ಬಂದ್ ಮಾಡಿದ್ ಮ್ಯಾಲ ಹತ್ತ್ ಸುತ್ತು ತಿರಗತೈತೋ ಮಾರಾಯಾ!"

ಮಗುವಿನ ವಿಷಯದಲ್ಲಿ ಕಾಕಾ ತಮ್ಮದೇ ಯೋಜನೆ ಹಾಕಿದ್ದರು. ಅಜ್ಜಿ ಮೊಮ್ಮಗಳನ್ನು ಮನೆಯಲ್ಲಿಯೇ ಇಟ್ಟುಕೊಂಡಿದ್ದು, ಹತ್ತನೆಯ ದೃಶ್ಯಕ್ಕೆ ಮಾತ್ರ ಕರೆದುಕೊಂಡು ಬರುವುದು. ನನಗೆ ಇದು ಸರಿಯೆನಿಸಲಿಲ್ಲ. ಕೊನೆಯ ಅಧ್ಯಾಯವೊಂದನ್ನೇ ಓದಿದವನಿಗೆ ಪಾತ್ರ ಬದಲಾದುದು ಹೇಗೆ ತಿಳಿಯುತ್ತದೆ? ಮೊದಲು ಹೇಗಿದ್ದನೆಂದು ಗೊತ್ತಿರಬೇಡವೇ ಎಂದು ಕೇಳಿದೆ.

"ಪೈಲೆದ್ದು ಯುಗಾದಿಗೆ ನೋಡ್ಯಾಳಲ್ರಿ ಸರ್ರ," ಎಂದರು ಕಾಕಾ. "ಆರ್ ತಿಂಗಳಾತು, ಅದನ್ನ ಹಿಡಕೊಂಡ್ ಕುಂತಾಳ."

ಯೋಜನೆ ಕಾಕಾ ಹೇಳಿದಂತೆಯೇ ಉಳಿಯಿತು.

ನಾಟಕದ ದಿನ ದೀಪಾವಳಿಯ ಭಾವುಬೀಜವೆಂದು ನಿಶ್ಚಯವಾಯಿತು. ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡಿರುವ ನಮ್ಮ ಭಾಗದಲ್ಲಿ ಅಂದು ಅಕ್ಕತಂಗಿಯರು ತವರಿಗೆ ಬಂದು ಅಣ್ಣತಮ್ಮಂದಿರಿಗೆ ಆರತಿ ಬೆಳಗುತ್ತಾರೆ, ಊರು ತುಂಬಿರುತ್ತದೆ. ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ ಅನುಮತಿಯಿಲ್ಲದ್ದರಿಂದ ಸಂಜೆ ನಾಲ್ಕಕ್ಕೇ ಆರಂಭಿಸುವುದೆಂದು ಗೊತ್ತು ಮಾಡಿದೆವು. ಮಂಟಪ ಎದ್ದಿತು, ಪರದೆಗಳು ಕಾಗವಾಡದಿಂದ ಬಾಡಿಗೆಗೆ ಬಂದವು. ವಿಧವೆಯ ಪಾತ್ರಕ್ಕೆ ರಾಯಬಾಗದಿಂದ ಒಬ್ಬ ವೃತ್ತಿನಟಿ ಬಂದರು. ಹಿಂದಿನ ದಿನ ನಿಪ್ಪಾಣಿ ಕಡೆಯ ಹಳ್ಳಿಯೊಂದರಲ್ಲಿ ಅತ್ತೆಯಾಗಿ ಅಭಿನಯಿಸಿ, ಮರುದಿನ ಇನ್ನೆಲ್ಲೋ ಕಾಲೇಜು ಕನ್ಯೆಯಾಗಲಿದ್ದರು. ಹೀಗೆ ಊರೂರು ಸುತ್ತುವ ನಟಿಯರಿಗೆ ತಾಲೀಮಿಗೆ ಬರಲು ಸಮಯವಿರುವುದಿಲ್ಲ. ಆದ್ದರಿಂದ ಅವರು ಇಡೀ ನಾಟಕವನ್ನು ಓದುವುದಿಲ್ಲ; ತಮ್ಮ ಮಾತುಗಳನ್ನೂ, ಅವುಗಳಿಗೆ ಮುಂಚೆ ಎದುರಿನವರು ಆಡುವ ಕೊನೆಯ ಮಾತುಗಳನ್ನೂ ಅಷ್ಟೇ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ.

ನಾನು ನನ್ನ ಹಾಳೆಯನ್ನು ಬಿಡಿಸಿ ಸಾಹುಕಾರನ ಅಂತರಂಗವನ್ನು ವಿವರಿಸತೊಡಗಿದೆ. ಆಕೆ ಎಲೆಅಡಿಕೆ ಹಾಕಿಕೊಳ್ಳುತ್ತ ಸಮಾಧಾನದಿಂದ ಕೇಳಿ, "ಅದೆಲ್ಲಾ ಅವರ ಪಾಲಿಗೆ ಇರ್ಲಿ ಬಿಡ್ರಿ ಸರ್ರ," ಎಂದರು. "ಏಳನೇ ಸೀನಿನ್ಯಾಗ ನನಗ ಕಡೀ ಮಾತ್ ಯಾವ್ದ್ ಕೊಡತಾರ, ಅದನ್ನ ಹೇಳ್ರಿ."

"'ಒತ್ತು ಹೆಬ್ಬೆಟ್ಟು' ಅಂತಾರ್ರಿ."

"ಬರೋಬ್ಬರಿ. ಅಂದ ಕೂಡಲೇ ನಾ ಅಳ್ತೇನಿ."

ಇನ್ನೊಂದು ವಿಷಯದಲ್ಲಿಯೂ ನಾನು ಕಟ್ಟುನಿಟ್ಟು ಮಾಡಿದ್ದೆ. ನಮ್ಮ ಕಡೆ ನಾಟಕದ ನಡುವೆ ಪ್ರೇಕ್ಷಕರು ವೇದಿಕೆ ಹತ್ತಿ ನಟರಿಗೆ ಟಾವೆಲ್ಲು, ಟೊಪ್ಪಿಗೆ, ಹೂಮಾಲೆಗಳ ಆಯಾರ ಮಾಡುವುದು ವಾಡಿಕೆ. ಸತ್ತುಬಿದ್ದ ನಾಯಕನು ಎದ್ದು ಕುಳಿತು ಮಾಲೆ ಹಾಕಿಸಿಕೊಂಡು, ಕೈಮುಗಿದು, ಪುನಃ ಸತ್ತುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೀಗಾದರೆ ಪಾತ್ರದ ಮೆಟ್ಟಿಲುಗಳು ಉಳಿಯುವುದೆಂತು? ಈ ಸಲ ಆಯಾರವೆಲ್ಲ ನಾಟಕ ಮುಗಿದ ಮೇಲೆಯೇ ಎಂದು ಮೂರು ಸಲ ಸಾರಿಸಿದೆ. ಊರವರೆಲ್ಲ "ಹೌದ್ರಿ, ಹೌದ್ರಿ" ಎಂದರು. ಆದರೂ ನಂಬದೆ, ವೇದಿಕೆಯ ಪಕ್ಕದ ಮೆಟ್ಟಿಲ ಬಳಿ ಹಸ್ತಪ್ರತಿ ಹಿಡಿದು ನಾನೇ ನಿಂತುಕೊಂಡೆ.

ಆರು ದೃಶ್ಯಗಳು ಹೂವಿನಂತೆ ನಡೆದವು. ಕಾಕಾ ಮೂರನೆಯದರಲ್ಲಿ ಹಿಂದಿರುಗಿ ನೋಡಿದರು. ಚಪ್ಪಲಿ ಹುಡುಕಿದಂತೆ ಕಾಣಲಿಲ್ಲ. ನಾಲ್ಕನೆಯದರಲ್ಲಿ ನಗೆ ನಿಲ್ಲಲಿಲ್ಲವಾದರೂ ಕೊನೆಯ ಸುತ್ತಿನಲ್ಲಿ ಸ್ವಲ್ಪ ತೊದಲಿತು. ನಾನು ಹಸ್ತಪ್ರತಿಯ ಅಂಚಿನಲ್ಲಿ ಸರಿಯ ಗುರುತು ಹಾಕಿದೆ. ಹೊರಗೆ ಹೊತ್ತು ಮುಳುಗಿ, ಮನೆಮನೆಗಳ ಮುಂದೆ ಪಣತಿ ಹಚ್ಚುತ್ತಿದ್ದರು. ಏಳನೆಯ ದೃಶ್ಯದ ಪರದೆ ಎದ್ದಿತು.

ಸಾಹುಕಾರನು ಒಂದು ಕೈಯಲ್ಲಿ ಕಾಗದ ಹಿಡಿದು, ಇನ್ನೊಂದರಿಂದ ವಿಧವೆಯ ಮುಂಗೈಯನ್ನು ಹಿಡಿದೆಳೆದ. ಅದೇ ಹೊತ್ತಿಗೆ ನನ್ನ ಬೆನ್ನ ಹಿಂದೆ ಒಂದು ಧ್ವನಿ ಕೇಳಿಸಿತು:

"ಸರೀಪಾ ಅತ್ಲಾಗ."

ತಿರುಗಿ ನೋಡಿದರೆ, ಶೇಡಬಾಳಕ್ಕೆ ಕೊಟ್ಟಿರುವ ಕಾಕಾ ಅವರ ಅಕ್ಕ. ಎಪ್ಪತ್ತರ ಹತ್ತಿರದ ವಯಸ್ಸು. ಒಂದು ಕೈಯಲ್ಲಿ ದೀಪ ಹಚ್ಚಿದ ಆರತಿಯ ತಾಟು. ಸೊಂಟದ ಮೇಲೆ ಕಾಕಾ ಅವರ ಮೊಮ್ಮಗಳು. ಬಸ್ಸು ಅಥಣಿಯಲ್ಲಿ ಕೆಟ್ಟು ನಿಂತದ್ದರಿಂದ ಆಕೆ ಊರಿಗೆ ತಲಪುವಾಗಲೇ ಸಂಜೆಯಾಗಿತ್ತಂತೆ. ಮನೆಗೆ ಹೋದರೆ ತಮ್ಮನಿಲ್ಲ. ಮೊಮ್ಮಗಳನ್ನು ಕಾಯುತ್ತಿದ್ದ ತಮ್ಮನ ಹೆಂಡತಿಯಿಂದ, ಆಕೆ ಬೇಡಬೇಡವೆನ್ನುತ್ತಿದ್ದರೂ, ಮಗುವನ್ನು ಎತ್ತಿಕೊಂಡು ನೇರವಾಗಿ ಇಲ್ಲಿಗೆ ಬಂದಿದ್ದರು.

"ಅಕ್ಕಾರ, ನಾಟಕ ನಡದೈತ್ರಿ. ಆಯಾರ ಎಲ್ಲಾ ಕಡೀಕ," ಎಂದೆ.

"ಆಯಾರ ಮಾಡಾಕ ನಾ ಏನ್ ಹೊರಗಿನಾಕಿ ಏನೋ? ಅಂವ ನನ್ನ ತಮ್ಮ. ಇವತ್ತ ಭಾವುಬೀಜ. ಆರತಿ ಮಾಡೂತನಾ ಬಾಯಾಗ ನೀರ್ ಹಾಕೂದಿಲ್ಲ ನಾ. ಮುಂಜಾನಿಂದ ಉಪಾಸ ಅದೇನಿ. ನಿನ್ನ ಸೀನಿನ ಸಲುವಾಗಿ ಸಾಯಲೇನು?"

ಇಪ್ಪತ್ನಾಲ್ಕು ವರ್ಷ ತರಗತಿಯನ್ನು ಹಿಡಿತದಲ್ಲಿಟ್ಟಿದ್ದ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅಷ್ಟೇ ಸಾಕಾಯಿತು.

ಅಕ್ಕ ವೇದಿಕೆಯ ನಡುವೆ ಹೋಗಿ ನಿಂತರು. "ತಮ್ಮಾ, ಆಕಿ ಕೈ ಬಿಡು," ಎಂದರು.

ಸಾಹುಕಾರನು ಬಿಟ್ಟ.

"ಕುಂಡ್ರು."

ಕುಳಿತ. ತಾಟು ಹಿಡಿಯಲು ಎರಡೂ ಕೈ ಬೇಕಾದ್ದರಿಂದ ಅಕ್ಕ ಆ ಕಡೆ ಈ ಕಡೆ ನೋಡಿ, ಮಗುವನ್ನು ವಿಧವೆಯ ಕೈಗೆ ಕೊಟ್ಟರು. "ಹಿಡ್ಕೊಳವಾ ಚೂರು." ರಾಯಬಾಗದ ನಟಿ ಎಂಥೆಂಥ ವೇದಿಕೆಗಳನ್ನು ಕಂಡವರು, ಮುಖದ ಮೇಲಿನ ದುಃಖವನ್ನು ಒಂದಿಷ್ಟೂ ಸಡಿಲಿಸದೆ ಮಗುವನ್ನು ಎತ್ತಿಕೊಂಡರು. ಮಗು ಆಕೆಯ ಹೆಗಲಲ್ಲಿ ಮುಖ ಹುದುಗಿಸಿತು.

"ಪಟಗಾ ಮ್ಯಾಲ ಸರಸು, ಹಣಿ ಕಾಣವಲ್ದು," ಎಂದು ಅಕ್ಕ ಸಾಹುಕಾರನ ರುಮಾಲನ್ನು ತಾವೇ ಹಿಂದೆ ತಳ್ಳಿ ಕುಂಕುಮ ಹಚ್ಚಿದರು. "ಎಷ್ಟ್ ಬಣ್ಣಾ ಬಳಕೊಂಡೀಯೋ, ಬೊಟ್ಟ ಜಾರಾಕತ್ತೈತಿ. ಬಾಯಿ ತೆಗಿ."

ಬಾಯಿಗೆ ಒಂದು ಇಡೀ ಪೇಢೆ ಬಿದ್ದಿತು. ಕಾಕಾ ಅಗಿಯತೊಡಗಿದರು, ಅಗಿದಂತೆಲ್ಲ ಅಂಟಿಸಿದ್ದ ಗಿರಿಜಾ ಮೀಸೆಯ ಎಡಭಾಗ ಬಿಟ್ಟುಕೊಂಡು, ತುಟಿಯ ಪಕ್ಕದಲ್ಲಿ ಜೋತಾಡಿತು. ವಿಧವೆಯ ಹೆಗಲ ಮೇಲಿನಿಂದ ಒಂದು ಕಣ್ಣು ಮೊದಲು ಹೊರಗೆ ಬಂತು, ಆಮೇಲೆ ಎರಡನೆಯದು.

"ಅಜ್ಜನ ಮೀಸಿ ಬಿತ್ತು," ಎಂದಿತು ಮಗು. ಮೈಕು ಹತ್ತಿರದಲ್ಲೇ ಇದ್ದುದರಿಂದ ಅದು ಐಗಳಿಯವರೆಗೂ ಕೇಳಿಸಿರಬೇಕು.

ಜನ ನಕ್ಕರು. ಮಗುವೂ ನಕ್ಕಿತು. ಕಾಕಾ ಮಾತ್ರ ನಗಲಿಲ್ಲ. ಎದ್ದು, ಬಗ್ಗಿ, ಅಕ್ಕನ ಎರಡೂ ಪಾದಗಳನ್ನು ಮುಟ್ಟಿ ನಮಸ್ಕರಿಸಿದರು. ಅಕ್ಕ ತಲೆ ಸವರಿ, "ಹೂಂ, ಇನ್ನ ಏನ್ ಮಾಡಾಕತ್ತಿದ್ದೆ ಮಾಡು," ಎಂದು ವೇದಿಕೆ ಇಳಿದು ಮೊದಲ ಸಾಲಿನಲ್ಲಿ ಕುಳಿತರು. ಮಗುವನ್ನು ಮರಳಿ ತೆಗೆದುಕೊಳ್ಳುವುದನ್ನು ಮರೆತಿದ್ದರು.

ಈಗ ಸಾಹುಕಾರನು ವಿಧವೆಯ ಮುಂಗೈಯನ್ನು ಪುನಃ ಹಿಡಿಯಬೇಕಾಗಿತ್ತು. ಹಿಡಿಯಲು ಎರಡು ಹೆಜ್ಜೆ ಮುಂದೆ ಬಂದ. ಆ ಕೈಯಲ್ಲಿ ಅವನ ಮೊಮ್ಮಗಳು ಇದ್ದಳು, ಸುಮಾರು ಏಳು ತಿಂಗಳ ನಂತರ ಮೊದಲ ಬಾರಿಗೆ ಅವನ ಮುಖವನ್ನು ನೇರವಾಗಿ ನೋಡುತ್ತಿದ್ದಳು. ನಾನು ಪಕ್ಕದಿಂದ "ಒತ್ತು ಹೆಬ್ಬೆಟ್ಟು, ಒತ್ತು ಹೆಬ್ಬೆಟ್ಟು" ಎಂದು ಪಿಸುಗುಟ್ಟುತ್ತಿದ್ದೆ. ಕಾಕಾ ಕೇಳಿಸಿಕೊಂಡಂತೆ ಕಾಣಲಿಲ್ಲ. ಕೈಯಲ್ಲಿದ್ದ ಕಾಗದವನ್ನು ನೋಡಿದರು. ಅದನ್ನು ಅಡ್ಡ ಹರಿದರು, ಉದ್ದ ಹರಿದರು.

"ಬಾವಿ ನಿಂದ ಐತಿ ತಂಗಿ," ಎಂದರು. "ತಪ್ಪ್ ನಂದಾತು."

ಹಸ್ತಪ್ರತಿಯಲ್ಲಿ ಎಂಟನೆಯ ದೃಶ್ಯದ ಪಶ್ಚಾತ್ತಾಪವಿತ್ತು. ಒಂಬತ್ತನೆಯದರಲ್ಲಿ ಎತ್ತಿನ ಋಣವನ್ನು ನೆನೆಯುವ ಪ್ರಸಂಗವಿತ್ತು. ಹತ್ತನೆಯದರಲ್ಲಿ ಒಂದೂವರೆ ಪುಟದ ಸ್ವಗತವಿತ್ತು, ಅದರಲ್ಲಿ ಒಂದು ಶಬ್ದವನ್ನೂ ಬದಲಿಸುವಂತಿರಲಿಲ್ಲ. ಎಲ್ಲವೂ ನನ್ನ ಕೈಯಲ್ಲಿಯೇ ಉಳಿಯಿತು. ನಟಿ, ಕೊನೆಯ ಮಾತು ಬಾರದ್ದರಿಂದ, ಅಳಲೂ ಆಗದೆ ನಗಲೂ ಆಗದೆ ನಿಂತಿದ್ದರು. ತುಟಿ ಅಲುಗಿಸದೆ ನನ್ನ ಕಡೆಗೆ, "ಸರ್ರ, ಈಗ ನಂದ್ ಏನ್ರಿ?" ಎಂದರು. ಉತ್ತರ ಕೊಟ್ಟವರು ಚಾಚಾ. ನನ್ನನ್ನು ಕೇಳಲೇ ಇಲ್ಲ; ಪೇಟಿಯ ಮೇಲೆ ಭೈರವಿಯನ್ನು ಎತ್ತಿಕೊಂಡರು. ನಮ್ಮ ಕಡೆ ಭೈರವಿ ಕೇಳಿಸಿತೆಂದರೆ ನಾಟಕ ಮುಗಿಯಿತೆಂದೇ ಅರ್ಥ. ಪರದೆ ಬಿದ್ದಿತು. ಇನ್ನೂ ಏಳು ಗಂಟೆಯಾಗಿರಲಿಲ್ಲ.

ಜನರು ಟಿಕೆಟಿನ ದುಡ್ಡು ವಾಪಸು ಕೇಳುವರೆಂದೋ, ಕನಿಷ್ಠಪಕ್ಷ ಬೈಯುವರೆಂದೋ ನಾನು ಮಂಟಪದ ಹಿಂಭಾಗದಲ್ಲಿ ನಿಂತಿದ್ದೆ. ನೆರೆಯೂರಿನ ರೈತರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಅವರಿಗೆ ನಮ್ಮೂರಿನ ನಂಟು ಅಷ್ಟಾಗಿ ಇರಲಿಲ್ಲ.

"ಬರದವರು ನೀವೇನ್ರಿ? ಭಾಳ ಚಲೋ ಬರದೀರಿ. ಆ ಅಕ್ಕನ ಪಾರ್ಟು ಮಾಡಿದಾಕೀನ್ನ ಎಲ್ಲಿಂದ ತರಿಸೀರಿ?"

"ಶೇಡಬಾಳದಿಂದ," ಎಂದೆ. ಅದು ಸುಳ್ಳಲ್ಲ.

"ನಿಜವಾದ ಅಕ್ಕ ಇದ್ದಂಗ ಮಾಡಿದ್ಲು ನೋಡ್ರಿ."

ನಾನು ಸುಮ್ಮನಿರಬಹುದಾಗಿತ್ತು. ಆದರೆ ಹಳೆಯ ಚಾಳಿ. "ಸಾಹುಕಾರ ಅಷ್ಟ್ ಲಗೂ ಬದಲಾದದ್ದು ನಿಮಗ ನಂಬಿಕಿ ಬಂತೇನ್ರಿ?" ಎಂದು ಕೇಳಿದೆ.

ಅವರು ನನ್ನ ಕಡೆ ವಿಚಿತ್ರವಾಗಿ ನೋಡಿದರು. "ಭಾವುಬೀಜದ ದಿನಾ ಅಕ್ಕ ಉಪಾಸ ಇದ್ದು ಬಂದು, ಆರತಿ ಮಾಡಿ, ಬಾಯಾಗ ಪೇಢೆ ಇಟ್ಟಾಳ. ಪೇಢೆ ಬಾಯಾಗ ಕರಗೂದ್ರೊಳಗ ಇನ್ನೊಬ್ಬಾಕಿ ಕೈ ತಿರುವತಾನಂದ್ರ ಅಂವ ಮನಷ್ಯಾ ಏನ್ರಿ? ಅಷ್ಟೂ ಗೊತ್ತಾಗೂದಿಲ್ಲೇನ್ರಿ ನಮಗ?"

ಮೂರನೆಯ ಅಂಕಣದಲ್ಲಿ ನಾನು ಬರೆದ ಹತ್ತು ಕಾರಣಗಳಲ್ಲಿ ಒಂದೂ ಇದರಷ್ಟು ಗಟ್ಟಿಯಾಗಿರಲಿಲ್ಲ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನನಗೇ ನಗೆ ಬರುತ್ತಿತ್ತು. ಸಾಹುಕಾರನನ್ನು ನಾನು ಒಂಟಿಯಾಗಿ ಸುಧಾರಿಸಲು ಹೊರಟಿದ್ದೆ. ಅವನಿಗೊಬ್ಬ ಅಕ್ಕನಿರಬಹುದೆಂದು ಹೊಳೆದೇ ಇರಲಿಲ್ಲ.

ಆದರೆ ಕಾಕಾ ನನ್ನ ಬಳಿಗೆ ಬಂದದ್ದು ಸಾಹುಕಾರನ ಸಲುವಾಗಿ ಅಲ್ಲ, ಮೊಮ್ಮಗಳ ಸಲುವಾಗಿ. ಆ ಕೆಲಸ ಇನ್ನೂ ಆಗಿರಲಿಲ್ಲ. ಮರುದಿನ ಗಿರಣಿಗೆ ಹೋದಾಗ ಕಾಕಾ ಜೋಲುಮುಖ ಹಾಕಿಕೊಂಡಿದ್ದರು.

"ನಗ್ತಾಳ್ರಿ. ಆದ್ರ ಬರವಲ್ಲಳು. ಕೈ ಚಾಚಿದ್ರ ಹಿಂದ ಸರೀತಾಳ."

"ನಾಟಕದಾಗ ಆದಷ್ಟ್ ಲಗೂ ಮನ್ಯಾಗ ಆಗೂದಿಲ್ರಿ ಕಾಕಾ. ತಡೀರಿ," ಎಂದೆ, ಧೈರ್ಯ ಹೇಳಿದೆನೇ ಹೊರತು ನನಗೂ ಖಾತ್ರಿಯಿರಲಿಲ್ಲ.

ಗಿರಣಿಯು ಅವರ ಮನೆಗೆ ಹತ್ತಿಕೊಂಡೇ ಇದೆ. ನಡುವೆ ಒಂದು ಬಾಗಿಲು. ಚಿಕ್ಕೋಡಿಗೆ ಹೋಗದ ದಿನಗಳಲ್ಲಿ ನಾನು ಅಲ್ಲಿ ಹೋಗಿ ಕೂಡುವುದನ್ನು ರೂಢಿ ಮಾಡಿಕೊಂಡೆ. ನಾಲ್ಕನೆಯ ದಿನ ಮಗು ಆ ಬಾಗಿಲಲ್ಲಿ ನಿಂತು, ಅಜ್ಜನ ಕಡೆ ನೋಡದೆ, ಗೋಡೆಯ ಕಡೆ ನೋಡುತ್ತ ಕೇಳಿತು: "ಮೀಸಿ ಎಲ್ಲೈತಿ?"

ಕಾಕಾ ಬಣ್ಣದ ಪೆಟ್ಟಿಗೆಯಿಂದ ಮೀಸೆಯನ್ನು ತೆಗೆದು ಹೊಸ್ತಿಲ ಮೇಲೆ ಇಟ್ಟು ದೂರ ಸರಿದರು. ಮಗು ಅದನ್ನು ಬೆರಳಿನಿಂದ ಮುಟ್ಟಿತು, ತಿರುವಿ ಹಾಕಿತು, ಆಮೇಲೆ ಎತ್ತಿಕೊಂಡು ಓಡಿಹೋಯಿತು. ಮರುದಿನ ಬಂದಾಗ ಅದರ ಮೂಗಿನ ಕೆಳಗೆ, ಹಿಂದುಮುಂದಾಗಿ, ಗಿರಿಜಾ ಮೀಸೆ ಇತ್ತು. ಅಜ್ಜಿ ರೊಟ್ಟಿಯ ಹಿಟ್ಟಿನಿಂದ ಅಂಟಿಸಿದ್ದರು. ಮಗು ಸೊಂಟದ ಮೇಲೆ ಕೈಯಿಟ್ಟು, ಹೊಟ್ಟೆಯನ್ನು ಮುಂದೆ ಚಾಚಿ, ನಗೆಯನ್ನು ಆರಂಭಿಸಿತು. ಮೊದಲು ಗುರುಗುಟ್ಟಿ, ಆಮೇಲೆ ಏರಿ, ಕೊನೆಗೆ ಕೆಮ್ಮಿನಲ್ಲಿ ಮುಗಿಯಿತು.

"ಬಾವಿ ನಂದ!" ಎಂದು ಅಬ್ಬರಿಸಿತು.

ಕಾಕಾ ಗಿರಣಿಯ ಬಟನ್ ಒತ್ತಿ ನಿಲ್ಲಿಸಿ, ಹಿಟ್ಟಿನ ನೆಲದ ಮೇಲೆ ಮೊಣಕಾಲೂರಿದರು. "ಬಿಡ್ರಿ ಸಾಹುಕಾರ್ರ. ನಾ ಬಡವಿ ಅದೇನ್ರಿ. ನನ್ನ ದ್ರಾಕ್ಷಿ ಒಣಗತಾವ್ರಿ."

"ಬಿಡೂದಿಲ್ಲ!"

ಜೋಳದ ಡಬ್ಬಿ ಹಿಡಿದು ಸರದಿಯಲ್ಲಿ ನಿಂತಿದ್ದ ಹೆಂಗಸರು, "ಸಾಹುಕಾರ್ರ, ಗಿರಣಿನರ ಬಿಡ್ರಿ, ರೊಟ್ಟಿ ಆಗಬೇಕು," ಎಂದು ಬೇಡಿಕೊಂಡರು. ಅದಕ್ಕೂ ಸಾಹುಕಾರರು ಒಪ್ಪಲಿಲ್ಲ.

ಈ ನಾಟಕ ಮೂರು ವಾರ ಪ್ರತಿದಿನ ನಡೆಯಿತು. ನಾನು, ಬಿಡಲಾರದ ಅಭ್ಯಾಸದಿಂದ, ಹೋದ ದಿನಗಳಲ್ಲೆಲ್ಲ ಮಗು ಅಜ್ಜನಿಂದ ಎಷ್ಟು ದೂರ ನಿಂತಿತ್ತೆಂಬುದನ್ನು ಗಮನಿಸುತ್ತಿದ್ದೆ. ಮೊದಲು ಬಾಗಿಲ ಆಚೆ. ಆಮೇಲೆ ಹೊಸ್ತಿಲ ಮೇಲೆ. ಎರಡನೆಯ ವಾರದ ನಡುವೆ ತಕ್ಕಡಿಯ ಹತ್ತಿರ. ಒಂದು ದಿನ ಅಜ್ಜನ ಜಡೆಯನ್ನು ಹಿಡಿದೆಳೆಯಬೇಕಾಗಿತ್ತು. ಅಜ್ಜನಿಗೆ ಜಡೆಯಿಲ್ಲದ್ದರಿಂದ ಕಿವಿಯನ್ನು ಹಿಡಿದೆಳೆಯಿತು. ಕಾಕಾ "ಅಯ್ಯಯ್ಯೋ" ಎಂದು ಕೂಗುತ್ತ ನನ್ನ ಕಡೆ ನೋಡಿದರು. ಅವರ ಕಣ್ಣುಗಳಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಒಮ್ಮೆ ನಾನು ತಾಳಲಾರದೆ, "ಸಾಹುಕಾರ್ರ, ಯಾವಾಗ ಚಲೋ ಆಗ್ತೀರಿ?" ಎಂದು ಕೇಳಿದೆ.

ಮಗು ಸ್ವಲ್ಪ ಯೋಚಿಸಿತು. "ಇನ್ನಾ ಇಲ್ಲ," ಎಂದಿತು.

ಕಾರಣವನ್ನು ನಾನು ಕೇಳಲಿಲ್ಲ. ಎಲ್ಲಿ ಬದಲಾಗಬೇಕೆಂಬುದು ಆ ನಾಟಕವನ್ನು ಆಡುತ್ತಿದ್ದವಳಿಗೆ ಗೊತ್ತಿತ್ತು. ಬಹುಶಃ ಅಂಜಿಕೆಯನ್ನು ಪೂರ್ತಿಯಾಗಿ ಖರ್ಚು ಮಾಡುವವರೆಗೆ ಸಾಹುಕಾರನಾಗಿಯೇ ಇರಬೇಕಾಗಿತ್ತೇನೋ. ಮುದ್ರಣಾಲಯದ ಕರಡುಗಳ ನಡುವೆ ನಾನು ನನ್ನ ಹಳೆಯ ವಿದ್ಯಾರ್ಥಿಗಳನ್ನು ಆಗಾಗ ನೆನೆಯತೊಡಗಿದೆ. ನನ್ನ 'ಹೇಗೆ?' ಎಂಬ ಪ್ರಶ್ನೆಗೆ ಅವರಿಗೆ ಉತ್ತರ ಗೊತ್ತಿದ್ದು, ಮೂರು ಪುಟಗಳಲ್ಲಿ ಹಿಡಿಸದೆ ಬಿಟ್ಟಿರಬಹುದೆಂಬ ಸಾಧ್ಯತೆಯನ್ನು ನಾನು ಪರಿಗಣಿಸಿರಲಿಲ್ಲ.

ಕೊನೆಯ ದಿನ ನಾನು ಬೇಗನೆ ಹೋಗಿದ್ದೆ. ಗಿರಣಿ ಇನ್ನೂ ಶುರುವಾಗಿರಲಿಲ್ಲ. ಕಾಕಾ ಪಟ್ಟಾಕ್ಕೆ ಎಣ್ಣೆ ಹಚ್ಚುತ್ತಿದ್ದರು. ಮಗು ಮನೆಯ ಬಾಗಿಲಿನಿಂದ ಬಂತು. ತಲೆ ಬಾಚಿತ್ತು, ಅಂಗನವಾಡಿಯ ಚೀಲ ಬೆನ್ನ ಮೇಲಿತ್ತು, ಮೀಸೆಯಿರಲಿಲ್ಲ. ಅಜ್ಜ ಎಂದಿನಂತೆ ಮೊಣಕಾಲೂರಲು ಹೋದರು.

"ಏಳು ಅಜ್ಜಾ, ಸಾಲಿಗೆ ಹೊತ್ತಾತು," ಎಂದಿತು ಮಗು. "ಅಜ್ಜಿ ಕೈಗೆ ಹಿಟ್ಟ್ ಹತ್ತೇತಿ. ನೀ ನಡಿ."

ಕಾಕಾ ಎಣ್ಣೆಯ ಕೈಯನ್ನು ಧೋತರಕ್ಕೆ ಒರೆಸಿಕೊಂಡರು, ಮತ್ತೊಮ್ಮೆ ಒರೆಸಿಕೊಂಡರು. ಮಗುವಿಗೆ ಅಷ್ಟು ತಾಳ್ಮೆಯಿರಲಿಲ್ಲ; ಒರೆಸುತ್ತಿದ್ದ ಕೈಯ ಒಂದು ಬೆರಳನ್ನೇ ಹಿಡಿದುಕೊಂಡು ಎಳೆಯಿತು. ಇಬ್ಬರೂ ಹೊರಗೆ ಬಂದು, ಪಂಚಾಯಿತಿಯ ಮುಂದಿನಿಂದ ಹಾದು, ಅಂಗನವಾಡಿಯ ತಿರುವಿನಲ್ಲಿ ಮರೆಯಾದರು. ಕಾಕಾ ಹಿಂದಿರುಗಿ ನನ್ನ ಕಡೆ ನೋಡಲೂ ಇಲ್ಲ. ಗಿರಣಿಗೆ ಬಂದ ಇಬ್ಬರು ಹೆಂಗಸರಿಗೆ, ಮಾಲಕರು ಬರುವುದು ತಡವಾಗುತ್ತದೆಂದು ನಾನೇ ಹೇಳಿದೆ. ಅಂದು ಸೋಮವಾರ, ನವೆಂಬರ್ ೨೧, ೨೦೨೨.